ಅಂಧರ ಲಿಪಿಯೂ ಕಣ್ಣುಳ್ಳವರ ಕರ್ತವ್ಯವೂ

ಅಂಗವೈಕಲ್ಯವುಳ್ಳವರನ್ನು ಕಂಡಾಗ ನಮ್ಮಲ್ಲಿ ಮೊದಲು ಹುಟ್ಟುವುದು ಕನಿಕರ. ಅದು ಸದ್ಗುಣವೆಂಬುದರಲ್ಲಿ ಸಂದೇಹವಿಲ್ಲ; ಆದರೆ ಅದೊಂದರಿಂದಲೇ ಅವರಿಗೆ ಉಪಕಾರವಾಗುವುದೇ? ಅಂಧರ ಲಿಪಿಯ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವುಂಟು.

ಲೂಯಿ ಬ್ರೈಲ್ ಎಂಬಾತನು ೧೮೦೯ರಲ್ಲಿ ಪ್ಯಾರಿಸ್ ನಗರಕ್ಕೆ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿದನು. ತಂದೆಯು ಕುದುರೆಯ ಜೀನು ಮೊದಲಾದುವನ್ನು ಮಾಡುವವನು. ಮಗುವು ಮೂರು ವರ್ಷದವನಾಗಿದ್ದಾಗ ತೊಗಲನ್ನು ಚುಚ್ಚುವ ಮೊನೆಯಾದ ಉಪಕರಣವು ಕಣ್ಣಿಗೆ ತಗುಲಿತು. ನಂಜು ಮತ್ತೊಂದು ಕಣ್ಣಿಗೂ ಹರಡಿ, ಕ್ರಮೇಣ ದೃಷ್ಟಿಯೇ ಹೋಯಿತು.

ಹತ್ತನೆಯ ವಯಸ್ಸಿನಲ್ಲಿ ಅವನು ಪ್ಯಾರಿಸ್ಸಿನ ಅಂಧಶಾಲೆಯನ್ನು ಸೇರಿದನು. ಅಲ್ಲಿಯ ಪುಸ್ತಕಗಳಲ್ಲಿ ಸಾಮಾನ್ಯ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬುವಂತೆ ಅಚ್ಚುಮಾಡಿದ್ದರು. ಹಾಗೆ ಮಾಡಿದವರು ಕಣ್ಣುಳ್ಳವರು, ಉದ್ದೇಶವು ಒಳ್ಳೆಯದೇ. ಆದರೆ ಕಣ್ಣಿಗೆ ಸ್ಫುಟವಾದುದು ಬೆರಳಿಗೂ ಸ್ಫುಟವಾಗಿರುವುದೆಂದು ಅವರು ಎಣಿಸಿದ್ದರು. ಬೆರಳಿಗಾದರೋ ಬಾಗಿದ ಗೆರೆಗಿಂತ ಚುಕ್ಕೆಯೇ ಸುಲಭ. ಸೇನಾಧಿಕಾರಿಯಾಗಿದ್ದ ಬಾರ್ಬಿಯೇ ಎಂಬುವನು ಹನ್ನೆರಡು ಚುಕ್ಕೆಗಳ ಸಂಕೇತವೊಂದನ್ನು ಕಲ್ಪಿಸಿದ್ದನು. ಅದನ್ನು ಆಧಾರವಾಗಿಟ್ಟುಕೊಂಡು, ಹದಿನೈದು ವರ್ಷದ ಬ್ರೈಲನು ೧೮೨೪ರಲ್ಲಿ ಆರೇ ಚುಕ್ಕೆಗಳ ಲಿಪಿಯನ್ನು ರಚಿಸಿದನು. ಬೆರಳ ತುದಿಯಷ್ಟು ಜಾಗದಲ್ಲಿ ಅಡಗುವ ಈ ಚುಕ್ಕೆಗಳಿಂದ ೬೩ ಸಂಕೇತಗಳಾಗುವುವು. ಅಂಧರು ಇದನ್ನು ಓದಬಲ್ಲರು, ತಾವೇ ಬರೆಯಲೂಬಲ್ಲರು. ಆದರೂ ಶಾಲೆಯು ಇದನ್ನು ಅಧಿಕೃತವಾಗಿ ಅಂಗೀಕರಿಸಿದುದು ೧೮೫೪ರಲ್ಲಿ, ಬ್ರೈಲನು ತೀರಿಕೊಂಡ ಎರಡು ವರ್ಷಗಳ ಮೇಲೆ! ಭಾರತದ ಭಾಷೆಗಳಿಗೆ ಇದೇ ಆಧಾರದ ಮೇಲೆ ಏಕರೂಪವಾದ ಕ್ರಮವು ೧೯೫೧ರಲ್ಲಿ ಏರ್ಪಟ್ಟಿತು. ಕನ್ನಡವನ್ನೂ ಈಗ ಈ ಆರು ಚುಕ್ಕೆಗಳಲ್ಲಿಯೇ ಓದುತ್ತಾರೆ.

ಕಣ್ಣುಳ್ಳವರು ಮಾಡಿದ ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಗೆ ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬನು ಬಂದು ಸೇರಿದನು. ನಾನು ಎಲ್ಲರನ್ನೂ ಪ್ರಶ್ನೆ ಕೇಳುತ್ತ ಅವನನ್ನು ಮಾತ್ರ ಬಿಟ್ಟುಬಿಡುತ್ತಿದ್ದೆನು. ಅದು ದಯೆಯೆಂದೇ ನನ್ನ ಭಾವನೆ. ಒಂದು ದಿನ ಅವನು ನನ್ನ ಕೊಠಡಿಗೆ ಬಂದು, “ಸಾರ್, ನನ್ನನ್ನೂ ಪ್ರಶ್ನೆ ಕೇಳಿರಿ. ಹಲಗೆಯ ಮೇಲೆ ಬರೆಯುವುದನ್ನು ಬಾಯಲ್ಲಿಯೂ ಹೇಳಿದರೆ ನನಗೆ ಸಾಕು” ಎಂದನು. ಬಹುಕಾಲದಿಂದ ಪಾಠ ಹೇಳುತ್ತಿದ್ದ ನನಗೆ ಇಷ್ಟು ಸಣ್ಣ ಸಂಗತಿಯು ಹೊಳೆದಿರಲಿಲ್ಲ. ಅಂದಿನಿಂದ ಹಾಗೆಯೇ ಮಾಡಿದೆನು. ಹಿಂದಿನ ಬೆಂಚುಗಳವರಿಗೂ ಪಾಠವು ಮೊದಲಿಗಿಂತ ಚೆನ್ನಾಗಿ ತಿಳಿಯಿತು.

ಆದುದರಿಂದ, ನೆರವಾಗಬೇಕೆನ್ನುವವರು ಮೊದಲು ಅವರನ್ನೇ ವಿಚಾರಿಸಬೇಕು. ಅವರಿಗೆ ಬೇಕಾದುದು ಯಾವುದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.