ತಗ್ಗಿನಿಂದ ಎತ್ತರಕ್ಕೆ: ಕೀಟೊ ನಗರದಲ್ಲಿ ಮೊದಲ ದಿನಗಳು

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ರಾಜಧಾನಿ ಕೀಟೊ ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್ ಎಂಬುದನ್ನು ನೆನೆದರೆ, ಅದರ ನೆತ್ತಿಗಿಂತಲೂ 900 ಮೀಟರ್ ಮೇಲೆ ಅರಮನೆ, ಚರ್ಚು, ಮಾರುಕಟ್ಟೆ, ಮೆಟ್ರೊ ರೈಲುಗಳೆಲ್ಲ ಇರುವ ಮಹಾನಗರವೊಂದು ನೆಲೆಗೊಂಡಿದೆ ಎಂಬುದರ ಅರ್ಥ ಮನವರಿಕೆಯಾಗುತ್ತದೆ. ಪ್ರವಾಸಿ ಕೈಪಿಡಿಗಳು ನೋಡತಕ್ಕ ಸ್ಥಳಗಳನ್ನು ಸಾಮಾನ್ಯವಾಗಿ ಪ್ರಸಿದ್ಧಿಯ ಕ್ರಮದಲ್ಲಿ ಜೋಡಿಸಿಕೊಡುತ್ತವೆ. ಕೀಟೊದಲ್ಲಿ ಆ ಕ್ರಮವನ್ನು ಬದಿಗಿಟ್ಟು, ತಗ್ಗಿನ ಸ್ಥಳಗಳನ್ನು ಮೊದಲು, ಎತ್ತರದವನ್ನು ಕೊನೆಗೆ ನೋಡುವುದೇ ವಿವೇಕ.

ಇದಕ್ಕೆ ಕಾರಣ ಗಾಳಿ. ಇಲ್ಲಿನ ವಾಯುಒತ್ತಡ ಸಮುದ್ರಮಟ್ಟದ ಒತ್ತಡದ ಮುಕ್ಕಾಲು ಪಾಲಿನ ಆಸುಪಾಸಿನಲ್ಲಿರುವುದರಿಂದ ಪ್ರತಿ ಉಸಿರಿನಲ್ಲಿಯೂ ದೇಹಕ್ಕೆ ದೊರೆಯುವ ಆಮ್ಲಜನಕ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಸುಮಾರು 2,500 ಮೀಟರಿನಿಂದ ಮೇಲಕ್ಕೆ ಥಟ್ಟನೆ ಏರಿದವರಲ್ಲಿ ಕೆಲವರಿಗೆ ತಲೆನೋವು, ಏದುಸಿರು, ವಾಕರಿಕೆ, ನಿದ್ರಾಭಂಗಗಳು ಕಾಣಿಸಿಕೊಳ್ಳುತ್ತವೆ. ವೈದ್ಯರು ಇದನ್ನು ಎತ್ತರದ ಬೇನೆ ಎನ್ನುತ್ತಾರೆ. ಯೌವನವಾಗಲಿ ದೇಹದಾರ್ಢ್ಯವಾಗಲಿ ಇದರಿಂದ ರಕ್ಷಣೆ ಕೊಡುವುದಿಲ್ಲ. ಮೊದಲ ದಿನ ನಿಧಾನವಾಗಿ ನಡೆದು, ಮಿತವಾಗಿ ಉಂಡು, ನೀರು ಹೆಚ್ಚು ಕುಡಿದು, ಮದ್ಯವನ್ನು ದೂರವಿಟ್ಟರೆ ಬಹುಪಾಲು ಜನ ಎರಡು ಮೂರು ದಿನಗಳಲ್ಲಿ ಹೊಂದಿಕೊಳ್ಳುತ್ತಾರೆ. ಲಕ್ಷಣಗಳು ಉಲ್ಬಣಿಸಿದರೆ ತಗ್ಗಿಗೆ ಇಳಿಯುವುದೇ ಚಿಕಿತ್ಸೆ. 2013ರಲ್ಲಿ ಆರಂಭವಾದ ಹೊಸ ವಿಮಾನನಿಲ್ದಾಣವು ನಗರದ ಪೂರ್ವಕ್ಕಿರುವ ತಬಬೆಲಾ ಎಂಬಲ್ಲಿ, ನಗರಕ್ಕಿಂತ ಸುಮಾರು 400 ಮೀಟರ್ ಕೆಳಗಿದೆ. ರಾತ್ರಿ ಬಂದಿಳಿಯುವವರು ಅಲ್ಲಿಯೇ ತಂಗಿ ಬೆಳಗ್ಗೆ ನಗರಕ್ಕೆ ಏರಿದರೆ ದೇಹಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ.

ನಗರದ ಪಶ್ಚಿಮಕ್ಕೆ ಪಿಚಿಂಚಾ ಎಂಬ ಜ್ವಾಲಾಮುಖಿ ನಿಂತಿದೆ, ಪೂರ್ವಕ್ಕೆ ಆಳವಾದ ಕಣಿವೆಗಳು ಬಿದ್ದಿವೆ. ಇವೆರಡರ ನಡುವೆ ಅಗಲವಾಗಲು ಜಾಗವಿಲ್ಲದ ಕೀಟೊ ಉತ್ತರ ದಕ್ಷಿಣವಾಗಿ ಹತ್ತಾರು ಕಿಲೋಮೀಟರ್ ಉದ್ದಕ್ಕೆ ಬೆಳೆದಿದೆ. ಹೀಗಾಗಿ ದಿಕ್ಕು ತಪ್ಪುವುದು ಕಷ್ಟ, ಬೆಟ್ಟ ಕಂಡ ಕಡೆ ಪಶ್ಚಿಮ. 2023ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದ, 15 ನಿಲ್ದಾಣಗಳ, ಸುಮಾರು 22 ಕಿಲೋಮೀಟರ್ ಉದ್ದದ ಮೆಟ್ರೊ ಮಾರ್ಗವೂ ಈ ಉದ್ದವನ್ನೇ ಅನುಸರಿಸುತ್ತದೆ. ಟಿಕೆಟಿನಿಂದ ಊಟದವರೆಗೆ ಎಲ್ಲಕ್ಕೂ ಅಮೆರಿಕದ ಡಾಲರ್ ಸಲ್ಲುತ್ತದೆ, ಏಕೆಂದರೆ ತೀವ್ರ ಆರ್ಥಿಕ ಬಿಕ್ಕಟ್ಟಿನ ನಡುವೆ 2000ದಲ್ಲಿ ಈಕ್ವೆಡಾರ್ ತನ್ನ ಸೂಕ್ರೆ ನಾಣ್ಯವನ್ನು ಕೈಬಿಟ್ಟಿತು. ಆದರೆ ದೊಡ್ಡ ನೋಟುಗಳಿಗೆ ಚಿಲ್ಲರೆ ಹುಟ್ಟುವುದು ಅಪರೂಪ.

1534ರಲ್ಲಿ ಸೆಬಾಸ್ಟಿಯನ್ ದೆ ಬೆನಾಲ್ಕಾಸರ್ ಎಂಬ ಸ್ಪೇನಿನ ದಂಡನಾಯಕ ಇಂಕಾ ಪಟ್ಟಣದ ಅವಶೇಷಗಳ ಮೇಲೆ ಕಟ್ಟಿಸಿದ ಹಳೆಯ ನಗರವೇ ಮೊದಲ ದಿನದ ಮೆಲುನಡಿಗೆಗೆ ತಕ್ಕ ಜಾಗ. 1978ರಲ್ಲಿ ಯುನೆಸ್ಕೊ ತನ್ನ ವಿಶ್ವ ಪರಂಪರೆಯ ಮೊಟ್ಟಮೊದಲ ಪಟ್ಟಿಯನ್ನು ಪ್ರಕಟಿಸಿದಾಗ ಪೋಲೆಂಡಿನ ಕ್ರಾಕೊವ್ ಜೊತೆಗೆ ಈ ನಗರವೂ ಅದರಲ್ಲಿತ್ತು. ಅದರ ನಡುವಣ ಚೌಕವಾದ ಪ್ಲಾಸಾ ಗ್ರಾಂದೆಯ ಸುತ್ತ ಅಧ್ಯಕ್ಷರ ಅರಮನೆ, ಪ್ರಧಾನ ಚರ್ಚು, ಆರ್ಚ್‌ಬಿಷಪ್ಪರ ನಿವಾಸ, ನಗರಸಭೆಗಳು ಎದುರುಬದುರಾಗಿ ನಿಂತಿವೆ. ಅಧಿಕಾರವೂ ಧರ್ಮವೂ ಒಂದನ್ನೊಂದು ಸದಾ ಕಣ್ಣಳತೆಯಲ್ಲಿಟ್ಟುಕೊಂಡ ಸ್ಪೇನಿನ ವಸಾಹತು ಆಡಳಿತದ ಸ್ವರೂಪ ಇಲ್ಲಿ ಕಾಣುವಷ್ಟು ನಿಚ್ಚಳವಾಗಿ ಪುಸ್ತಕಗಳಲ್ಲಿಯೂ ಕಾಣದು. 1809ರ ಆಗಸ್ಟ್ 10ರಂದು ಸ್ಪೇನಿನ ಅಧಿಕಾರಿಗಳ ವಿರುದ್ಧ ಎದ್ದ ಬಂಡಾಯದ ಸ್ಮಾರಕ ಚೌಕದ ಮಧ್ಯದಲ್ಲಿದೆ. ಚರ್ಚಿನ ಪರಮ ಬೆಂಬಲಿಗನಾಗಿದ್ದ ಅಧ್ಯಕ್ಷ ಗಾರ್ಸಿಯಾ ಮೊರೆನೊ 1875ರಲ್ಲಿ ಮಚ್ಚಿನೇಟಿಗೆ ಬಲಿಯಾದದ್ದು ಅಲ್ಲಿಯೇ, ಅರಮನೆಯ ಬಳಿ.

ಕೆಲವೇ ಹೆಜ್ಜೆಗಳ ದೂರದಲ್ಲಿರುವ ಲಾ ಕೊಂಪಾನಿಯಾ ಚರ್ಚನ್ನು ಜೆಸ್ಯೂಟ್ ಪಂಥದವರು 1605ರಲ್ಲಿ ಆರಂಭಿಸಿ 1765ರಲ್ಲಿ ಮುಗಿಸಿದರು. ಕಟ್ಟಿ ಮುಗಿದ ಎರಡೇ ವರ್ಷಗಳಲ್ಲಿ ಸ್ಪೇನಿನ ದೊರೆ ಆ ಪಂಥವನ್ನೇ ತನ್ನ ರಾಜ್ಯಗಳಿಂದ ಗಡೀಪಾರು ಮಾಡಿದ. ಹೊರಗೆ ಜ್ವಾಲಾಮುಖಿಯ ಬೂದುಗಲ್ಲು, ಒಳಗೆ ನೆಲ ಬಿಟ್ಟು ಉಳಿದೆಲ್ಲೆಡೆ ಚಿನ್ನದ ರೇಕು; ಭಕ್ತಿಗಿಂತ ಬೆರಗೇ ಮುಂದಾಗುವ ಈ ಒಳಾಂಗಣದಲ್ಲಿ ಸ್ಥಳೀಯ ಕುಶಲಕರ್ಮಿಗಳ ಕೈ ಎದ್ದು ಕಾಣುತ್ತದೆ. ಯುರೋಪಿನ ಧಾರ್ಮಿಕ ವಸ್ತುಗಳನ್ನು ಮೂಲನಿವಾಸಿ ಮತ್ತು ಮಿಶ್ರಕುಲದ ಕಲಾವಿದರು ತಮ್ಮ ರೀತಿಯಲ್ಲಿ ಕೆತ್ತಿ ಬಿಡಿಸಿದ ಈ ಪರಂಪರೆಗೆ ಕಲಾ ಇತಿಹಾಸಕಾರರು ಕೀಟೊ ಶೈಲಿ ಎಂಬ ಹೆಸರಿಟ್ಟಿದ್ದಾರೆ. ಬೆರ್ನಾರ್ದೊ ದೆ ಲೆಗಾರ್ದಾ 1734ರಲ್ಲಿ ಕೆತ್ತಿದ, ರೆಕ್ಕೆಗಳುಳ್ಳ ಕನ್ಯಾ ಮೇರಿಯ ಪುಟ್ಟ ಮರದ ವಿಗ್ರಹ ಅದರ ಶ್ರೇಷ್ಠ ಮಾದರಿ. ಅದನ್ನೇ ಅನುಸರಿಸಿ 1970ರ ದಶಕದಲ್ಲಿ ಎಲ್ ಪನೆಸಿಯೊ ಗುಡ್ಡದ ಮೇಲೆ ನಿಲ್ಲಿಸಿದ ಬೃಹತ್ ಅಲ್ಯೂಮಿನಿಯಂ ಪ್ರತಿಮೆ ನಗರದ ಹಲವೆಡೆಯಿಂದ ಕಾಣುತ್ತದೆಯಾದರೂ ಮೂಲದ ಲಾಲಿತ್ಯ ಅದಕ್ಕಿಲ್ಲ. ಗುಡ್ಡಕ್ಕೆ ನಡೆದು ಏರುವ ದಾರಿಯಲ್ಲಿ ಸುಲಿಗೆಯ ಭಯವಿರುವುದರಿಂದ ಟ್ಯಾಕ್ಸಿಯೇ ಲೇಸು.

ಮಧ್ಯಾಹ್ನದ ಊಟ ಸಾಮಾನ್ಯವಾಗಿ ಸೂಪು, ಅನ್ನದೊಂದಿಗೆ ಒಂದು ಭಕ್ಷ್ಯ ಮತ್ತು ಹಣ್ಣಿನ ರಸಗಳ ಅಗ್ಗದ ಜೋಡಣೆ. ಆಲೂಗಡ್ಡೆಯನ್ನು ಬೇಯಿಸಿ ಕಡೆದು, ಗಿಣ್ಣು ಮತ್ತು ಬೆಣ್ಣೆಹಣ್ಣು ಸೇರಿಸಿ ಕೊಡುವ ಲೋಕ್ರೊ ಎಂಬ ಸಾರು ಸಸ್ಯಾಹಾರಿಗಳಿಗೆ ಒಗ್ಗುವಂಥದ್ದು, ಮಾಂಸದ ರಸ ಬೆರೆಸಿಲ್ಲವೆಂದು ಕೇಳಿ ತಿಳಿದುಕೊಂಡರೆ ಸಾಕು. ಹಾಸನದ ಹೊಲಗಳವರೆಗೆ ಬಂದು ಮುಟ್ಟಿದ ಆಲೂಗಡ್ಡೆಯ ತವರು ಇದೇ ಆಂಡೀಸ್ ಪರ್ವತಶ್ರೇಣಿ.

ಎರಡನೆಯ ಅಥವಾ ಮೂರನೆಯ ದಿನಕ್ಕೆ ಒಪ್ಪುವುದು ನಗರಕ್ಕಿಂತ ತಗ್ಗಿನಲ್ಲಿರುವ, ಉತ್ತರದ ಹೊರವಲಯದ ಮಿತಾದ್ ದೆಲ್ ಮುಂಡೊ, ಅಂದರೆ ಭೂಮಧ್ಯ ಸ್ಮಾರಕ. ಭೂಮಿಯು ಧ್ರುವಗಳಲ್ಲಿ ಚಪ್ಪಟೆಯಾಗಿದೆಯೋ ಅಥವಾ ಸಮಭಾಜಕದಲ್ಲಿ ಬಿಗಿದು ಧ್ರುವಗಳತ್ತ ನೀಳವಾಗಿದೆಯೋ ಎಂಬ ವಿವಾದವನ್ನು ತೀರ್ಮಾನಿಸಲು ಹೊರಟ ಫ್ರೆಂಚ್ ವಿಜ್ಞಾನಿಗಳಾದ ಗೊದ್ಯಾಂ, ಬುಗೇ ಮತ್ತು ಲಾ ಕೊಂದಾಮಿನ್ 1736ರಲ್ಲಿ ಕೀಟೊಗೆ ಬಂದು, ವರ್ಷಗಳ ಕಾಲ ಪರ್ವತದಿಂದ ಪರ್ವತಕ್ಕೆ ತ್ರಿಕೋನಗಳನ್ನು ಹೆಣೆದು ರೇಖಾಂಶದ ಒಂದು ತುಂಡಿನ ಉದ್ದವನ್ನು ಅಳೆದರು. ಫಲಿತಾಂಶ ನ್ಯೂಟನ್ನನ ಪರವಾಗಿತ್ತು: ಭೂಮಿ ನಡುವಿನಲ್ಲಿ ಉಬ್ಬಿದೆ. ಇದೇ ಬಗೆಯ ತ್ರಿಕೋನಮಾಪನಕ್ಕಾಗಿ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದದ್ದನ್ನು ಕನ್ನಡಿಗರು ಇಲ್ಲಿ ನೆನೆಯಬಹುದು. ಸ್ಮಾರಕದ ಹಳದಿ ಗೆರೆ ನಿಜವಾದ ಸಮಭಾಜಕದಿಂದ ಸುಮಾರು 240 ಮೀಟರ್ ಸರಿದಿದೆ. ಆದರೆ ನಿಜವಾಗಿ ನಗಬೇಕಾದದ್ದು ಆ ಗೆರೆಗಲ್ಲ, ಗೆರೆಯ ಎರಡು ಬದಿಗಳಲ್ಲಿ ನೀರು ವಿರುದ್ಧ ದಿಕ್ಕಿಗೆ ಸುಳಿಯುತ್ತದೆಂದು ಅಕ್ಕಪಕ್ಕದಲ್ಲಿ ತೋರಿಸುವ ಬೋಗುಣಿಯಾಟಕ್ಕೆ. ಭೂಭ್ರಮಣದ ಪ್ರಭಾವ ಅಷ್ಟು ಚಿಕ್ಕ ಪಾತ್ರೆಯಲ್ಲಿ ಕಾಣುವಷ್ಟು ಬಲವಾದದ್ದಲ್ಲ, ಸುಳಿಯ ದಿಕ್ಕು ನೀರು ಸುರಿಯುವವನ ಕೈಯಲ್ಲಿದೆ.

ಪಿಚಿಂಚಾದ ಮಗ್ಗುಲನ್ನೇರುವ ತೆಲೆಫೆರಿಕೊ ಎಂಬ ತೂಗುಬಂಡಿಯನ್ನು ಕೊನೆಗೆ ಉಳಿಸಿಕೊಳ್ಳಬೇಕು. ಅದು ಪ್ರಯಾಣಿಕರನ್ನು ಸುಮಾರು 3,945 ಮೀಟರ್ ಎತ್ತರದ ಕ್ರೂಸ್ ಲೋಮಾ ದಿಣ್ಣೆಗೆ ಕೆಲವೇ ನಿಮಿಷಗಳಲ್ಲಿ ಒಯ್ದು ಬಿಡುವುದರಿಂದ, ಬಂದ ದಿನವೇ ಹತ್ತಿದವರು ತಲೆ ಹಿಡಿದುಕೊಂಡು ಇಳಿಯುವುದುಂಟು. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುವ ಕಾರಣ ಬೆಳಗಿನ ಮೊದಲ ಬಂಡಿಗಳೇ ಉತ್ತಮ. ಆಕಾಶ ತಿಳಿಯಾಗಿದ್ದರೆ ದಕ್ಷಿಣಕ್ಕೆ 5,897 ಮೀಟರ್ ಎತ್ತರದ ಹಿಮಾವೃತ ಕೊತೊಪಾಕ್ಸಿ, ಈಶಾನ್ಯಕ್ಕೆ ಸಮಭಾಜಕವನ್ನೇ ತನ್ನ ಇಳಿಜಾರಿನ ಮೇಲೆ ಹೊತ್ತ ಕಯಾಂಬೆ ಕಾಣಸಿಗುತ್ತವೆ. ಅಲ್ಲಿಂದ ಮುಂದೆ ರೂಕು ಪಿಚಿಂಚಾ ಶಿಖರಕ್ಕೆ ಸಾಗುವ ಕಾಲುದಾರಿ ಇನ್ನೂ 700 ಮೀಟರಿಗೂ ಹೆಚ್ಚು ಏರಿ ಬಂಡೆಗಳ ಮೇಲೆ ಕೊನೆಗೊಳ್ಳುತ್ತದೆಯಾದ್ದರಿಂದ, ಅದನ್ನು ವಾರವಾದರೂ ಈ ಗಾಳಿಯಲ್ಲಿ ಕಳೆದವರಿಗೆ ಬಿಡುವುದು ಒಳಿತು.