ಹಿರಿಯೂರು: ಬೈಪಾಸ್‌ನಿಂದ ಕಾಣದ ಹೊಳೆ

ಬೆಂಗಳೂರಿಂದ ದುರ್ಗದ ಕಡೆ ಬಸ್ಸಲ್ಲಿ ಹೋಗೋರಿಗೆ ಹಿರಿಯೂರು ಅಂದ್ರೆ ಏನು? ಸುಮಾರು 160 ಕಿ.ಮೀ. ಆದ್ಮೇಲೆ ಬರೋ ಒಂದು ಬೈಪಾಸ್, ನಾಲ್ಕು ಡಾಬಾ, ಆಮೇಲೆ ಇನ್ನೊಂದು ನಿದ್ದೆ. ಸೇತುವೆ ದಾಟುವಾಗ ಕೆಳಗೆ ಒಂದು ಹೊಳೆ ಇದೆ ಅಂತ ನಮ್ಮಲ್ಲಿ ಎಷ್ಟು ಜನ ನೋಡಿದ್ದೀವಿ? ನಮ್ಮ ಹಾಸ್ಟೆಲ್ ರೂಮಲ್ಲಿ ಚಿತ್ರದುರ್ಗ ಜಿಲ್ಲೆಯವರೇ ನಾಲ್ಕು ಜನ ಇದ್ದೀವಿ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಊರಿಗೊಬ್ಬರ ಥರ. ಈ ಲೇಖನ ಹುಟ್ಟಿದ್ದೇ ಒಂದು ರಾತ್ರಿ ನಮ್ಮೊಳಗೆ ನಡೆದ ಜಗಳದಿಂದ. ಜಗಳ ಯಾವುದರ ಬಗ್ಗೆ ಅಂತ ಆಮೇಲೆ ಹೇಳ್ತೀವಿ, ಮೊದಲು ಹೊಳೆ ನೋಡೋಣ.

ಹಿರಿಯೂರು ಇರೋದು ವೇದಾವತಿ ನದಿಯ ದಡದಲ್ಲಿ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಸಾಲಿನಲ್ಲಿ ವೇದಾ, ಅವತಿ ಅಂತ ಎರಡು ಹೊಳೆ ಹುಟ್ಟುತ್ತವೆ. ಒಂದರ ದಾರಿಯಲ್ಲಿ ಸಖರಾಯಪಟ್ಟಣದ ಅಯ್ಯನಕೆರೆ, ಇನ್ನೊಂದರಲ್ಲಿ ಮದಗದ ಕೆರೆ. ಕೆರೆಗಳನ್ನು ತುಂಬಿಸಿ ಮುಂದೆ ಬಂದು ಕಡೂರು ಸೀಮೆಯಲ್ಲಿ ಎರಡೂ ಸೇರಿ ವೇದಾವತಿ ಆಗುತ್ತವೆ. ಅಲ್ಲಿಂದ ಹೊಸದುರ್ಗ ತಾಲ್ಲೂಕು, ಮಾರಿಕಣಿವೆ, ಹಿರಿಯೂರು. ಹಿರಿಯೂರು ತಾಲ್ಲೂಕಿನ ಕೂಡ್ಲಹಳ್ಳಿಯಲ್ಲಿ ಸುವರ್ಣಮುಖಿ ಬಂದು ಸೇರುತ್ತದೆ. ಆಮೇಲೆ ಚಳ್ಳಕೆರೆ ಸೀಮೆ ದಾಟಿ ಆಂಧ್ರಕ್ಕೆ ಹೋಗಿ, ಬಳ್ಳಾರಿ ಕಡೆ ಮತ್ತೆ ಕರ್ನಾಟಕಕ್ಕೆ ಬಂದು ತುಂಗಭದ್ರೆ ಸೇರುತ್ತದೆ. ಅಲ್ಲಿ ಅದರ ಹೆಸರು ಹಗರಿ. ಅಂದರೆ ನೀರು ಹುಟ್ಟೋದು ಮಲೆನಾಡಿನ ಅಂಚಲ್ಲಿ, ಹರಿಯೋದು ಪೂರ್ತಿ ಬಯಲುಸೀಮೆಯಲ್ಲಿ. ಹಿರಿಯೂರು, ಚಳ್ಳಕೆರೆ ರಾಜ್ಯದಲ್ಲೇ ಕಡಿಮೆ ಮಳೆ ಬೀಳೋ ತಾಲ್ಲೂಕುಗಳ ಪೈಕಿ ಬರುತ್ತವೆ. ಹೊಳೆ ದಡದ ಊರು ಅಂತ ಹೆಸರಿದ್ದರೂ ವರ್ಷದ ಹೆಚ್ಚಿನ ದಿನ ಮರಳು, ಜಾಲಿ, ಊರಿನ ಚರಂಡಿ ನೀರು, ಇಷ್ಟೇ ಕಾಣೋದು.

ಊರಿನ ಹಳೇ ಕಥೆ ದುರ್ಗದ ಕಥೆಗೆ ಅಂಟಿಕೊಂಡಿದೆ. ಚಿತ್ರದುರ್ಗದ ನಾಯಕರ ಸೀಮೆ ಇದು. 1779ರಲ್ಲಿ ಹೈದರಾಲಿ ಮದಕರಿ ನಾಯಕನಿಂದ ಕೋಟೆ ಗೆದ್ದ ಮೇಲೆ ಮೈಸೂರಿನ ಕೈಗೆ ಬಂತು. ಊರೊಳಗೆ ನೋಡಲೇಬೇಕಾದ್ದು ತೇರುಮಲ್ಲೇಶ್ವರ ದೇವಸ್ಥಾನ. ತಲೆ ಎತ್ತಿ ನೋಡಿ, ಚಾವಣಿಯಲ್ಲಿ ಹಳೇ ವರ್ಣಚಿತ್ರಗಳಿವೆ. ಮಾಘದ ಜಾತ್ರೆಯಲ್ಲಿ ತೇರು ಎಳೆಯೋದಕ್ಕೆ ಮುಂಚೆ ಮುಕ್ತಿ ಬಾವುಟ ಹರಾಜು ಹಾಕ್ತಾರೆ. ಲಕ್ಷಗಟ್ಟಲೆ ಹೋಗುತ್ತೆ. ಯಾರು ಹಿಡಿದ್ರು ಅನ್ನೋದು ಮರುದಿನದ ಪೇಪರ್ ಸುದ್ದಿ. ನಮ್ಮ ಹಿರಿಯೂರು ಗೆಳೆಯನಿಗೆ ಐಪಿಎಲ್ ಹರಾಜಿಗಿಂತ ಇದರಲ್ಲೇ ಆಸಕ್ತಿ ಜಾಸ್ತಿ.

ಈಗ ನಮ್ಮ ಬ್ರಾಂಚಿನವರಿಗೆ ಇಷ್ಟವಾಗೋ ಭಾಗ. ಹಿರಿಯೂರಿಂದ ಸುಮಾರು 20 ಕಿ.ಮೀ. ಮೇಲಕ್ಕೆ ಹೋದರೆ ಎರಡು ಗುಡ್ಡಗಳ ಮಧ್ಯೆ ಹೊಳೆ ತೂರಿ ಬರೋ ಇಕ್ಕಟ್ಟಾದ ಜಾಗ ಸಿಗುತ್ತೆ. ಅದೇ ಮಾರಿಕಣಿವೆ. ಹಿಂದೆ ಅಗಲವಾದ ಬಯಲು, ಮುಂದೆ ಸಣ್ಣ ಬಾಗಿಲು. ಡ್ಯಾಮ್ ಕಟ್ಟೋಕೆ ಇದಕ್ಕಿಂತ ಒಳ್ಳೆ ಸೈಟ್ ಟೆಕ್ಸ್ಟ್‌ಬುಕ್ಕಲ್ಲೂ ಸಿಗಲ್ಲ. ಮೈಸೂರು ಸಂಸ್ಥಾನ ಇಲ್ಲಿ ಕಟ್ಟಿದ ಅಣೆಕಟ್ಟು 1907ರಲ್ಲಿ ಮುಗೀತು. ನಾಲ್ವಡಿ ಕೃಷ್ಣರಾಜ ಒಡೆಯರ್ ಚಿಕ್ಕವರಿದ್ದಾಗ ರಾಜ್ಯ ನೋಡಿಕೊಂಡಿದ್ದು ಅವರ ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ. ಜಲಾಶಯಕ್ಕೆ ಅವರದೇ ಹೆಸರು, ವಾಣಿವಿಲಾಸ ಸಾಗರ. ಕಲ್ಲು, ಗಾರೆಯ ಕಟ್ಟಡ, ಗ್ರಾವಿಟಿ ಡ್ಯಾಮ್. ನೀರಿನ ಒತ್ತಡವನ್ನ ತನ್ನ ಭಾರದಿಂದಲೇ ತಡೆಯುತ್ತೆ. ಇದನ್ನೂ ವಿಶ್ವೇಶ್ವರಯ್ಯನವರೇ ಕಟ್ಟಿದ್ದು ಅಂತ ವಾಟ್ಸಾಪಲ್ಲಿ ಬರುತ್ತೆ, ನಂಬಬೇಡಿ. ಅವರು ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದಿದ್ದು 1909ರಲ್ಲಿ. ಕೆಆರ್‌ಎಸ್ ಕೆಲಸ ಶುರುವಾಗಿದ್ದು 1911ರಲ್ಲಿ. ಮಾರಿಕಣಿವೆ ಅದಕ್ಕೂ ಅಕ್ಕ.

ಸಾಮರ್ಥ್ಯ 30 ಟಿಎಂಸಿ. ಕೆಆರ್‌ಎಸ್ 49 ಅಂತ ನೆನಪಿಟ್ಟುಕೊಂಡರೆ ಇದೆಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ತೊಂದರೆ ಏನಂದ್ರೆ ಪಾತ್ರೆ ದೊಡ್ಡದು, ನಲ್ಲಿ ಸಣ್ಣದು. ಮಳೆ ಕಡಿಮೆ, ಮೇಲಿನ ಕೆರೆಗಳು ಮೊದಲು ಕುಡೀತವೆ, ಉಳಿದಿದ್ದು ಇಲ್ಲಿಗೆ. ಗರಿಷ್ಠ ಮಟ್ಟ 130 ಅಡಿ. ಅಲ್ಲಿಗೆ ನೀರು ಬಂದರೆ ಗೇಟ್ ಎತ್ತೋ ಕೆಲಸ ಇಲ್ಲ, ಪಕ್ಕದ ಕೋಡಿ ಮೇಲೆ ತಾನೇ ಹರಿದು ಹೋಗುತ್ತೆ. 1933ರಲ್ಲಿ ಕೋಡಿ ಬಿತ್ತು. ಅದಾದ ಮೇಲೆ ಮತ್ತೆ ಬಿದ್ದಿದ್ದು 2022ರ ಸೆಪ್ಟೆಂಬರಲ್ಲಿ. 89 ವರ್ಷ! ಮಧ್ಯೆ ಹುಟ್ಟಿ, ಕೋಡಿ ನೋಡದೇ ತೀರಿಕೊಂಡವರು ಎಷ್ಟು ಜನವೋ. 2022ರಲ್ಲಿ ಜನ ಬುತ್ತಿ ಕಟ್ಕೊಂಡು, ಅಜ್ಜ ಅಜ್ಜಿಯರನ್ನ ಕರ್ಕೊಂಡು ನೋಡೋಕೆ ಬಂದರು. ನಾವೂ ಹೋಗಿದ್ವಿ, ಆಗಿನ್ನೂ ಸ್ಕೂಲು. ಆಮೇಲೆ 2025ರ ಜನವರಿಯಲ್ಲಿ ಮೂರನೇ ಸಲ ಬಿತ್ತು. 89 ವರ್ಷ ಬೀಳದ್ದು ಎರಡೂವರೆ ವರ್ಷದೊಳಗೆ ಮತ್ತೆ ಬೀಳೋಕೆ ಮಳೆ ಒಂದೇ ಕಾರಣ ಅಲ್ಲ. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನೀರನ್ನ ಪಂಪ್ ಮಾಡಿ ಎತ್ತಿ ಈ ಕಡೆ ಬಿಡೋಕೆ ಶುರು ಮಾಡಿದರು. ಮಳೆಗಾಲ ಬರೋ ಹೊತ್ತಿಗೆ ಪಾತ್ರೆ ಮೊದಲಿನ ಹಾಗೆ ಖಾಲಿ ಇರಲ್ಲ.

ಜಗಳ ಇಲ್ಲೇ ಶುರು. ಜಲಾಶಯ ಬಾಣಲೆ ಥರ, ಮೇಲೆ ಹೋದ ಹಾಗೆ ಅಗಲ. ತಳದಲ್ಲಿ ಒಂದು ಅಡಿ ಏರಿದರೆ ಯಾರಿಗೂ ಗೊತ್ತಾಗಲ್ಲ. 129ರಿಂದ 130ಕ್ಕೆ ಏರಿದರೆ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ ತೋಟದೊಳಕ್ಕೆ ನೀರು ಬರುತ್ತೆ. ಕೋಡಿ ಮಟ್ಟ ಇಳಿಸಿ ಅಂತ ಆ ಕಡೆಯಿಂದ ಕೂಗು ಎದ್ದಿತು, ಇಳಿಸಬಾರದು ಅಂತ ಹಿರಿಯೂರು ಕಡೆಯಿಂದ. ನಮ್ಮ ರೂಮಲ್ಲೂ ಅದೇ. ಹೊಸದುರ್ಗದವನ ದೊಡ್ಡಪ್ಪನ ತೆಂಗು, ಅಡಿಕೆ ವಾರಗಟ್ಟಲೆ ನೀರಲ್ಲಿ ನಿಂತಿತ್ತು. ಅಡಿಕೆ ಮರದ ಬೇರು ಅಷ್ಟು ದಿನ ಉಸಿರು ಕಟ್ಟಿದರೆ ಮರ ಉಳಿಯಲ್ಲ. "ನಿಮ್ಮೂರಿಗೆ ಜಾತ್ರೆ, ನಮಗೆ ಸೂತಕ" ಅಂದ. ಹಿರಿಯೂರಿನವನದು ಬೇರೆ ಲೆಕ್ಕ. ಎಡ, ಬಲ ಎರಡು ನಾಲೆಯಿಂದ ಸಾವಿರಾರು ಹೆಕ್ಟೇರ್‌ಗೆ ನೀರು, ಹಿರಿಯೂರು, ಚಳ್ಳಕೆರೆ, ಚಿತ್ರದುರ್ಗಕ್ಕೆ ಕುಡಿಯೋ ನೀರು, ಎಲ್ಲಾ ಇದರಿಂದಲೇ. 2017ರ ಸುಮಾರಿಗೆ ನೀರು ಡೆಡ್ ಸ್ಟೋರೇಜ್ ಹತ್ತಿರಕ್ಕೆ ಇಳಿದಾಗ ಅವರ ಮನೆಯ ಬೋರ್ ಬತ್ತಿ, ತೆಂಗಿನ ಸುಳಿ ಒಣಗಿ ಬಿದ್ದಿತ್ತು. "ಒಂದು ಅಡಿ ಬಿಟ್ಟುಕೊಡೋದು ಅಂದ್ರೆ ಮುಂದಿನ ಬರಕ್ಕೆ ಇಟ್ಟ ಗಂಟು ಬಿಚ್ಚಿದ ಹಾಗೆ" ಅಂದ. ದುರ್ಗದವನು ನಲ್ಲಿ ನೀರು ಕುಡಿದವನು, ಅದಕ್ಕೇ ಹಿರಿಯೂರಿನ ಪಕ್ಷ. ನಾಲೆಯೂ ಇಲ್ಲ, ಹಿನ್ನೀರೂ ಇಲ್ಲದ ಹೊಳಲ್ಕೆರೆಯವನು ಅಂಪೈರ್.

ನಮಗನಿಸಿದ್ದು: ಕೋಡಿ ಮುಟ್ಟೋದಕ್ಕಿಂತ ಮೊದಲು ಪಂಪಿನ ಲೆಕ್ಕ ಸರಿಮಾಡಬೇಕು. ಮಳೆ ಚೆನ್ನಾಗಿರೋ ವರ್ಷ ಭದ್ರೆಯಿಂದ ಬರೋ ನೀರನ್ನ ಬೇಗ ನಿಲ್ಲಿಸಬಹುದು. ಮುಳುಗೋ ತೋಟಕ್ಕೆ ನ್ಯಾಯವಾದ ಪರಿಹಾರ ಕೊಡಬೇಕು, ಅದೂ ಪ್ರತಿ ಸಲ ಅರ್ಜಿ ಹಿಡಿದು ಅಲೆಸದೇ. ಹೊಸದುರ್ಗದವನು ಇದಕ್ಕೆ ಪೂರ್ತಿ ಒಪ್ಪಿಲ್ಲ ಅಂತ ಇಲ್ಲೇ ಬರೆಯೋಕೆ ಹೇಳಿದ್ದಾನೆ, ಬರೆದಿದ್ದೀವಿ.

ಹೋಗಬೇಕು ಅನ್ನೋರಿಗೆ: ಹಿರಿಯೂರಿಗೆ ಇನ್ನೂ ರೈಲಿಲ್ಲ, ತುಮಕೂರು–ದಾವಣಗೆರೆ ಹೊಸ ಲೈನ್ ಕೆಲಸ ನಡೀತಾ ಇದೆ. ಬೈಪಾಸಲ್ಲಿ ಇಳಿಸೋ ಬಸ್ ಬೇಡ, ಊರೊಳಗೆ ಹೋಗೋದನ್ನ ಹಿಡೀರಿ. ದೇವಸ್ಥಾನ ನೋಡಿಕೊಂಡು ವಾಣಿವಿಲಾಸಪುರದ ಬಸ್ ಹತ್ತಿ. ಕಟ್ಟೆ ಹತ್ತಿರ ಕಣಿವೆ ಮಾರಮ್ಮನ ಗುಡಿ ಇದೆ. ಹೊರಡೋ ಮುಂಚೆ ಪೇಪರಲ್ಲಿ ಜಲಾಶಯದ ಮಟ್ಟ ನೋಡಿಕೊಳ್ಳಿ. ಹಿರಿಯೂರಿನವನ ಅಮ್ಮ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ತಕ್ಷಣ ಹೇಳೋದೂ ಅದನ್ನೇ, ಇವತ್ತು ಎಷ್ಟು ಅಡಿ ಅಂತ.