ಮನೆಯ ಎತ್ತರ ಎಲ್ಲಿಂದ ಅಳೆಯಬೇಕು?

ಮನೆ ಕಟ್ಟಿಸುವವರು "ಪಂಚಾಂಗ ಎರಡು ಅಡಿ ಇರಲಿ" ಎಂದು ಮೇಸ್ತ್ರಿಗೆ ಹೇಳಿ ನಿಶ್ಚಿಂತರಾಗುವುದುಂಟು. ಆದರೆ ಎರಡು ಅಡಿ ಎಲ್ಲಿಂದ? ನಮ್ಮ ಕಡೆಯ ಹಿತ್ತಿಲುಗಳು ಸಮತಟ್ಟಾಗಿರುವುದು ಅಪೂರ್ವ. ತಗ್ಗಿನ ಮೂಲೆಯಿಂದ ಎರಡು ಅಡಿ ಎತ್ತರಿಸಿದರೆ, ಒಂದೂವರೆ ಅಡಿ ಏರಿರುವ ಗುಡ್ಡದ ಬದಿಯಲ್ಲಿ ಉಳಿಯುವುದು ಅರ್ಧ ಅಡಿ ಮಾತ್ರ. ಮಳೆಗಾಲದಲ್ಲಿ ನೀರು ಒಳಬರುವುದು ಆ ಬದಿಯಿಂದಲೇ.

ಯಾವ ಎತ್ತರಕ್ಕೂ ಅಲುಗಾಡದ ಒಂದು ಆಧಾರ ಬೇಕು. ದೇಶಕ್ಕೆ ಆ ಆಧಾರ ಸಮುದ್ರದ ಸರಾಸರಿ ಮಟ್ಟ. ಭರತ ಇಳಿತಗಳನ್ನು ವರ್ಷಗಟ್ಟಲೆ ಅಳೆದು ತೆಗೆದ ಸರಾಸರಿ ಅದು. 1858ರಿಂದ 1909ರ ವರೆಗೆ ನಡೆದ ಮೊದಲ ಮಟ್ಟಮಾಪನಕ್ಕೆ ಒಂಬತ್ತು ಬಂದರುಗಳ ಸಮುದ್ರಮಟ್ಟವನ್ನು ಆಧಾರವಾಗಿ ಹಿಡಿಯಲಾಯಿತು. ನಮ್ಮ ಉತ್ತರದ ಕಾರವಾರವೂ ದಕ್ಷಿಣದ ಬೇಪೂರೂ ಅವುಗಳಲ್ಲಿ ಸೇರಿದ್ದವು. ಅನೇಕ ರೈಲು ನಿಲ್ದಾಣಗಳ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಕಾಣುವ ಎತ್ತರವೂ ಸಮುದ್ರಮಟ್ಟದಿಂದಲೇ ಎಣಿಸಿದ್ದು.

ಸಾಮಾನ್ಯ ಮನೆಗೆ ಇಷ್ಟು ದೂರ ಹೋಗಬೇಕಾಗಿಲ್ಲ. ಹತ್ತಿರದ ಮೋರಿಯ ಕಲ್ಲು ಅಥವಾ ಗಟ್ಟಿಯಾದ ಬಾವಿಕಟ್ಟೆಯ ಮೇಲೆ ಗುರುತು ಹಾಕಿ, ಅದನ್ನು 100.00 ಮೀಟರ್ ಎಂದು ಭಾವಿಸಿದರಾಯಿತು. ಇದೇ ಬೆಂಚ್ ಮಾರ್ಕ್. ಕೆಲಸ ಮುಗಿಯುವ ತನಕ ಅದು ಅಳಿಸಬಾರದು. ಅಲ್ಲಿಂದ ಮನೆಯ ನಾಲ್ಕೂ ಮೂಲೆಗಳಿಗೆ ಮಟ್ಟವನ್ನು ಒಯ್ಯಲು ನೀರು ತುಂಬಿದ ಪಾರದರ್ಶಕ ಕೊಳವೆ ಸಾಕು. ಕೊಳವೆಯಲ್ಲಿ ಗಾಳಿಗುಳ್ಳೆ ಇರಬಾರದು, ಎರಡು ತುದಿಗಳೂ ತೆರೆದಿರಬೇಕು.

ನಕ್ಷೆಯಲ್ಲಿ ಜಿ.ಎಲ್. ಎಂದರೆ ನೆಲದ ಮಟ್ಟ, ಪಿ.ಎಲ್. ಎಂದರೆ ಪಂಚಾಂಗದ ಮೇಲ್ಮಟ್ಟ, ಎಫ್.ಎಫ್.ಎಲ್. ಎಂದರೆ ಟೈಲ್ಸ್ ಹಾಕಿ ಮುಗಿದ ನೆಲದ ಮಟ್ಟ. ಪಂಚಾಂಗ 100.60, ಅದರ ಮೇಲೆ ಕಾಂಕ್ರೀಟು, ಟೈಲ್ಸ್ ಸೇರಿ 5 ಸೆಂಟಿಮೀಟರ್ ಎಂದಾದರೆ ಮುಗಿದ ನೆಲ 100.65. ಬಾಗಿಲಿನ 2.10 ಮೀಟರನ್ನು ಇದರಿಂದ ಅಳೆದರೆ 102.75 ಆಗುತ್ತದೆ. ಪಂಚಾಂಗದಿಂದಲೇ ಅಳೆದು ದಾರಂದ ನಿಲ್ಲಿಸಿದರೆ ಟೈಲ್ಸ್ ಬಿದ್ದಮೇಲೆ ಬಾಗಿಲು 5 ಸೆಂಟಿಮೀಟರ್ ಗಿಡ್ಡವಾಗುತ್ತದೆ.

ಇನ್ನು ಮಾತಿನ ತೊಡಕು. ಮಲಯಾಳದ 'ತರ' ಎಂಬ ಶಬ್ದ ಸಂದರ್ಭಕ್ಕನುಸಾರ ನೆಲವೂ ಆಗುತ್ತದೆ, ಮನೆಯ ಪಂಚಾಂಗವೂ ಆಗುತ್ತದೆ. ನಾವು ಕನ್ನಡದಲ್ಲಿ 'ನೆಲ' ಎನ್ನುವಾಗಲೂ ಅಂಗಳವೋ ಒಳಗಿನ ನೆಲವೋ ಎಂಬುದು ಸ್ಪಷ್ಟವಿರುವುದಿಲ್ಲ. ಮನೆಯವರದ್ದು ಒಂದು ಭಾಷೆ, ಮೇಸ್ತ್ರಿಯದ್ದು ಇನ್ನೊಂದು, ನಕ್ಷೆಯದ್ದು ಮೂರನೆಯದಾದಾಗ ಶಬ್ದವನ್ನು ನಂಬುವುದಕ್ಕಿಂತ ಅಂಕೆಯನ್ನು ನಂಬುವುದು ಮೇಲು. ಅಂಕೆಗೆ ಭಾಷಾಭೇದವಿಲ್ಲ.

ಪಂಚಾಂಗ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರ್ ಎತ್ತರವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ರಸ್ತೆಗೆ ಮತ್ತೆ ಮತ್ತೆ ಡಾಮರು ಬಿದ್ದು ಅದು ಏರುತ್ತಾ ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದುದರಿಂದ ಕರಾರು ಬರೆಯುವಾಗ ಎತ್ತರ ಎಷ್ಟೆಂದು ಮಾತ್ರವಲ್ಲ, ಯಾವ ಗುರುತಿನಿಂದ ಎಂಬುದನ್ನೂ ಬರೆಯಿಸಿಕೊಳ್ಳಿ. ಮೊದಲ ಕಲ್ಲು ಇಡುವ ಮುಂಚೆ ಆ ಗುರುತನ್ನು ಮನೆಯವರೂ ಮೇಸ್ತ್ರಿಯೂ ಜತೆಯಾಗಿ ನೋಡಿಕೊಳ್ಳಲಿ.